ಹೆಸರು ತಪ್ಪಾಗಿದೆ

ಕುಮ್ ಎರ್ಲಾಸ್,
ಸೋಮವಾರ, 12 ಫೆಬ್ರವರಿ 1996

ಇಡ್ವಾಲ್,

ಪ್ರೀತಿಯ ತಮ್ಮ ಅಂತ ಶುರು ಮಾಡಬೇಕು. ಮಾಡಿದೆ ಅಂದುಕೋ. ಇವತ್ತು ನಿನ್ನ ಮೇಲೆ ಬಂದಿರುವ ಸಿಟ್ಟಿಗೆ ಪೆನ್ನಿನ ಮೊನೆ ಕಾಗದ ಹರಿಯದಿದ್ದರೆ ಸಾಕು.

ನೀನು ಕ್ಲಬ್ಬಿಗೆ ಬರೆದ ಉತ್ತರವನ್ನು ಗೆರಾಂಟ್ ತಂದು ತೋರಿಸಿದ. ಗೆರಾಂಟ್ ಅಂದರೆ ಬೇಕರಿಯ ಬ್ರೆಡ್ಡು ಇವಾನ್‌ನ ಮೊಮ್ಮಗ, ಈಗ ಕ್ಲಬ್ಬಿನ ಅಧ್ಯಕ್ಷ. ಒಳ್ಳೆಯವನು, ಸ್ವಲ್ಪ ಪುಕ್ಕಲು. ಹೊಸ್ತಿಲ ಆಚೆಯೇ ನಿಂತು, "ಟೆಗ್ವೆನ್ ಅತ್ತೆ, ನಿಮ್ಮ ತಮ್ಮ ಬರ್ತಾರಂತೆ. ಆದ್ರೆ ಏನೋ ಷರತ್ತು ಹಾಕಿದಾರೆ. ನೀವೇ ಓದ್ಕೊಳ್ಳಿ, ನನ್ನ ಬಾಯಿಂದ ಬೇಡ" ಅಂದ. ಓದಿದೆ. ಎರಡೇ ಸಾಲು. ಸಂತ ಡೇವಿಡ್ ಹಬ್ಬದ ಊಟಕ್ಕೆ ಬರುತ್ತೇನೆ. ಮೋಸ್ಟಿನ್ ಪ್ರಾಸರ್ ಆ ಕೋಣೆಯಲ್ಲಿ ಇರಬಾರದು.

ಎಷ್ಟು ಚೆನ್ನಾಗಿ ಬರೆದಿದ್ದೀಯ! ರಾಣಿಯೂ ಇಷ್ಟು ಗತ್ತಿನಲ್ಲಿ ಬರೆಯುವುದಿಲ್ಲ.

ನಿನ್ನನ್ನು ಆ ಬಾಗಿಲಿಗೆ ಮತ್ತೆ ಕರೆಸಲು ಯಾರು ಓಡಾಡಿದರು ಗೊತ್ತೇನು? ಹೋದ ಆಗಸ್ಟಿನಲ್ಲಿ ದೊಡ್ಡ ಮನುಷ್ಯರೆಲ್ಲ ಯಾವುದೋ ಹೋಟೆಲಿನಲ್ಲಿ ಕೂತು, ಇನ್ನು ಮೇಲೆ ನಮ್ಮ ಹದಿನೈದು ಜನರ ರಗ್ಬಿಗೂ ಸಂಬಳ ಕೊಡಬಹುದು ಅಂತ ಹೇಳಿಬಿಟ್ಟರು. ನೀನು ಇಂಗ್ಲಿಷರ ಉತ್ತರ ಸೀಮೆಗೆ ಹೋಗಿ ಹದಿಮೂರು ಜನರ ರಗ್ಬಿ ಆಡಿ ಸಂಬಳ ತಗೊಂಡದ್ದಕ್ಕೆ ನಿನ್ನನ್ನು ಈ ಊರಿನ ಕ್ಲಬ್ಬಿನ ಮೆಟ್ಟಿಲು ತುಳಿಯದ ಹಾಗೆ ಮಾಡಿದ್ದರಲ್ಲ, ಆ ಪಾಪ ಒಂದೇ ಮಧ್ಯಾಹ್ನದಲ್ಲಿ ತೊಳೆದುಹೋಯಿತು. ರೇಡಿಯೋದಲ್ಲಿ ಸುದ್ದಿ ಬಂದ ಮರುದಿನವೇ ಮೋಸ್ಟಿನ್ ಕ್ಲಬ್ಬಿಗೆ ಹೊರಟ. ಅವನ ಮನೆಯಿಂದ ಕ್ಲಬ್ಬಿಗೆ ಇರುವ ಏರು ನಿನಗೆ ಗೊತ್ತು. ಮೂರು ಕಡೆ ಗೋಡೆ ಹಿಡಿದು ನಿಂತನಂತೆ. ಒಳಗೆ ಹೋಗಿ ಉಸಿರು ಬಂದ ಮೇಲೆ ಅವನು ಹೇಳಿದ್ದು ಒಂದೇ ಮಾತು: "ಇಡ್ವಾಲ್‌ನ ಕರೀರಿ. ನಾನಿರೋದ್ರೊಳಗೆ ಕರೀರಿ."

ಈಗ ನಿನ್ನ ಎರಡು ಸಾಲು ಕೇಳಿ ಅವನು ಏನಂದ ಗೊತ್ತಾ? "ಅಷ್ಟೇ ತಾನೆ? ನಾನು ಮನೇಲಿರ್ತೀನಿ ಬಿಡು. ಕೂತ್ಕೊಂಡು ಕೆಮ್ಮೋಕೆ ಕ್ಲಬ್ಬೇ ಆಗ್ಬೇಕಾ?"

ಅದಕ್ಕೇ ಈ ಕಾಗದ. ಬರೆಯಬೇಡ ಅಂತ ಅವನು ಕೈ ಹಿಡಿದುಕೊಂಡ. ನಾನು ಯಾವತ್ತು ಯಾರ ಮಾತು ಕೇಳಿದ್ದೇನೆ? ಅವನ ಮನೆಯ ಅಡುಗೆಕೋಣೆಯಲ್ಲಿ ಕೂತೇ ಬರೆಯುತ್ತಿದ್ದೇನೆ. ಯಾಕೆ ಅಂತ ಆಮೇಲೆ. ಮುಂದಿನ ಕೋಣೆಗೆ ಅವನ ಮಂಚ ಇಳಿಸಿದ್ದಾರೆ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು. ಗಣಿ ಮುಚ್ಚಿ ವರ್ಷಗಳಾದವು, ಗಣಿಯ ದೂಳು ಮಾತ್ರ ಅವನ ಎದೆಯೊಳಗೆ ಇನ್ನೂ ಪಾಳಿ ಮಾಡುತ್ತಿದೆ. ಮುಂದಿನ ಚಳಿಗಾಲದ ಮಾತು ಎತ್ತಬೇಡಿ ಅಂತ ಡಾಕ್ಟರು ನನಗೆ ಬಾಗಿಲ ಹೊರಗೆ ಹೇಳಿದರು. ಅಂದರೆ ಇದು ಅವನ ಕೊನೆಯ ಹಬ್ಬದೂಟ. ಅದಕ್ಕೆ ನೀನು ಅವನನ್ನು ಹೊರಗೆ ಹಾಕುತ್ತಿದ್ದೀಯ.

ನಾನು ಹದಿನಾಲ್ಕಕ್ಕೆ ಶಾಲೆ ಬಿಟ್ಟವಳು. ತಪ್ಪುಗಳಿದ್ದರೆ ನಿನ್ನ ಹೆಂಡತಿ ತಿದ್ದಿಕೊಳ್ಳಲಿ, ಡೊರೀನ್ ಟೀಚರಾಗಿದ್ದವಳು ತಾನೆ. ಆದರೆ ಮೊದಲು ನೀನೊಬ್ಬನೇ ಓದು. ಕೂತು ಓದು.

ಐವತ್ತಾರರ ನವೆಂಬರಿನಲ್ಲಿ ನೀನು ಆ ಉತ್ತರದ ದಲಾಳಿಯ ಕಾರು ಹತ್ತಿ ಹೋದದ್ದು ನನಗೆ ಗೊತ್ತಿತ್ತು, ಮೋಸ್ಟಿನ್‌ಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಗಣಿಯಲ್ಲಿ ನಿನಗೆ ಜ್ವರ ಅಂತ ಸುಳ್ಳು ಹೇಳಿದವನು ಅವನು. ಗೆಳೆಯನ ಮದುವೆಗೆ ಹೋಗಿದ್ದಾನೆ ಅಂತ ಅಮ್ಮನಿಗೆ ಸುಳ್ಳು ಹೇಳಿದವಳು ನಾನು. ಅಲ್ಲಿ ನಿನ್ನನ್ನು ಒಂದು ಆಟ ಆಡಿಸಿ ನೋಡಿದರು. ನಿಜ ಹೆಸರು ಹಾಕಿದರೆ ಸಿಕ್ಕಿಬೀಳುತ್ತೀಯಲ್ಲ, ಅದಕ್ಕೆ ಕದ್ದು ಬರುವ ಎಲ್ಲರಿಗೂ ಅವರು ಅಂಟಿಸುತ್ತಿದ್ದ ಹೆಸರನ್ನೇ ನಿನಗೂ ಅಂಟಿಸಿದರು. ಎ. ಎನ್. ಅದರ್. ಇಂಗ್ಲಿಷಿನಲ್ಲಿ ಬರೀ 'ಇನ್ನೊಬ್ಬ' ಅಂತ.

ವಾಪಸ್ಸು ಬಂದ ಮೇಲೆ ಹಿತ್ತಲ ಒಗೆಯುವ ಕೋಣೆಯಲ್ಲಿ ನನ್ನ ಜೊತೆ ಕ್ಲಬ್ಬಿನ ಜೆರ್ಸಿಗಳನ್ನು ಹಿಂಡುತ್ತಾ ನೀನು ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ. "ಕೇಳಿದ್ರು ಅಕ್ಕಾ. ಆಗಲ್ಲ ಅಂದೆ. ನನ್ನ ಕೈಲಾಗುತ್ತೋ ಇಲ್ವೋ ನೋಡ್ಬೇಕಿತ್ತು, ಅಷ್ಟೇ. ನನಗೆ ಕೆಂಪು ಜೆರ್ಸಿ ಬೇಕು."

ದೇಶಕ್ಕಾಗಿ ಆಡುವವರ ಆ ಕೆಂಪು ಜೆರ್ಸಿ ಆಗ ಕೈಗೆಟುಕುವ ಹಾಗಿತ್ತು. ದೇಶದ ತಂಡದ ಕೊನೆಯ ಆಯ್ಕೆ ಆಟ ಜನವರಿಯಲ್ಲಿ, ಪಟ್ಟಿಯಲ್ಲಿ ನಿನ್ನ ಹೆಸರು ಬಂದಾಗಿತ್ತು. ಕೆಂಪನ್ನು ಬೇರೆ ನೀರಿನಲ್ಲಿ ಒಗೆಯಬೇಕು, ಮೊದಲ ಸಲ ಉಪ್ಪು ಹಾಕಬೇಕು, ಬಣ್ಣ ಬಿಡುತ್ತದೆ ಅಂತ ಅಮ್ಮ ನನಗೆ ಆಗಲೇ ಪಾಠ ಶುರು ಮಾಡಿದ್ದಳು.

ಆಮೇಲೆ ಕಮಿಟಿಯವರು ನಿನ್ನನ್ನು ಕರೆಸಿದರು. ಉತ್ತರದಲ್ಲಿ ಸಂಬಳದವರ ಜೊತೆ ಆಡಿದ್ದೀಯ, ಇನ್ನು ಸಾಯುವ ತನಕ ಈ ಆಟವಿಲ್ಲ, ಈ ಬಾಗಿಲಿಲ್ಲ ಅಂದರು. ನೀನು ನೇರ ಹಿತ್ತಲಿಗೆ ಬಂದೆ. ಮುಖ ಸುಣ್ಣದ ಹಾಗಿತ್ತು. "ಮೋಸ್ಟಿನ್ ಬಾಯಿಬಿಟ್ಟ" ಅಂದೆ. ಅಲ್ಲ ಅಂದೆ ನಾನು. "ಮತ್ಯಾರು? ನೀನಾ?" ಅಂದೆ. ನಾನು ಬಕೆಟ್ಟಿನಿಂದ ಇನ್ನೊಂದು ಜೆರ್ಸಿ ಎತ್ತಿ ಹಿಂಡತೊಡಗಿದೆ. ನಿನ್ನನ್ನು ಹೊರಗೆ ಹಾಕಿದ ಮೇಲೆ ಕ್ಲಬ್ಬಿನ ಪರವಾಗಿ ಗೋಲು ಒದೆಯುವ ಕೆಲಸ ಅವನಿಗೇ ಬಂತು. ಅಷ್ಟು ಸಾಕ್ಷಿ ಸಾಕಾಯಿತು ನಿನಗೆ. ಉತ್ತರದವರಿಗೆ ಹೂಂ ಅಂದು ಹೊರಟ ದಿನ, ಬಸ್ ನಿಲ್ದಾಣದಲ್ಲಿ, ಅರ್ಧ ಊರಿನೆದುರು, ಬೀಳ್ಕೊಡಲು ಬಂದವನ ಚಾಚಿದ ಕೈಯನ್ನು ನೋಡಿ "ಹೋಗೋ, ಚಾಡಿ ಮೋಸ್ಟಿನ್" ಅಂದೆ.

ನಮ್ಮೂರಲ್ಲಿ ಹೆಸರು ಅಂಟುವುದು ಹೇಗೆ ಅಂತ ನಿನಗೆ ಹೇಳಬೇಕೇ? ಬ್ರೆಡ್ಡು ಇವಾನ್‌ನ ಮಗ ಬ್ಯಾಂಕಿನಲ್ಲಿ ಕೆಲಸಕ್ಕಿದ್ದರೂ ಬ್ರೆಡ್ಡೇ. ಗೋರಿ ಜೋನ್ಸ್ ಶವಪೆಟ್ಟಿಗೆ ಮಾಡುವುದು ಬಿಟ್ಟು ಹೂವಿನಂಗಡಿ ಇಟ್ಟರೂ ಗೋರಿ ಜೋನ್ಸೇ. ನೀನು ಬಸ್ಸು ಹತ್ತಿ ಹೋದೆ. ಆ ಹೆಸರು ಇಲ್ಲೇ ಉಳಿಯಿತು. ಇವತ್ತಿಗೂ ಅಂಚೆಯವನು ಹೊಸಬನಾದರೆ "ಯಾವ ಮೋಸ್ಟಿನ್?" ಅಂತ ಕೇಳುತ್ತಾನೆ, "ಚಾಡಿ" ಅಂತ ಯಾರೋ ಹೇಳುತ್ತಾರೆ, ಅವನಿಗೆ ಮನೆ ಸಿಗುತ್ತದೆ.

ಈಗ ಕೇಳು.

ಆ ಕ್ರಿಸ್‌ಮಸ್ಸಿಗೆ ಉತ್ತರದ ಲ್ಯಾಂಕಾಷೈರಿನಿಂದ ಕೇಟಿ ಚಿಕ್ಕಮ್ಮ ಎಂದಿನಂತೆ ಕೇಕಿನ ಡಬ್ಬಿ ಕಳಿಸಿದ್ದಳು. ಡಬ್ಬಿಗೆ ಅಲ್ಲಿಯ ಪೇಪರು ಸುತ್ತಿದ್ದಳು. ಅಮ್ಮ ಆ ಹಾಳೆಯನ್ನು ಬಿಡಿಸಿ, ಕೈಯಿಂದ ತೀಡಿ, ಒಲೆ ಹೊತ್ತಿಸಲು ಮಡಿಸಿಡುವಾಗ ನಿನ್ನ ಫೋಟೊ ಕಂಡಿತು. ಒದೆಯುವ ಮೊದಲು ನೀನು ಚೆಂಡನ್ನು ಎರಡು ಸಲ ಎದೆಗೆ ಒರೆಸುತ್ತೀಯಲ್ಲ, ಹಾಗೆ ನಿಂತಿದ್ದೀಯ, ಎಡಗಡೆ ಮುಖ. ಹುಟ್ಟಿನಿಂದ ಮಡಿಚಿಕೊಂಡ ಆ ಎಡಗಿವಿ. ಕೆಳಗೆ ಹೆಸರು: ಎ. ಎನ್. ಅದರ್.

ಅಮ್ಮ ಓದುತ್ತಿದ್ದದ್ದು ವೆಲ್ಷ್ ಬೈಬಲ್ ಒಂದೇ. ಅಕ್ಷರ ಕೂಡಿಸಿ ಹೆಸರು ಓದಬಲ್ಲಳು, ಅರ್ಥ ಎಲ್ಲಿಂದ ಬರಬೇಕು? ಅದರ್ ಅಂದರೆ ಯಾರದೋ ಇಂಗ್ಲಿಷರ ಮನೆತನದ ಹೆಸರು ಅಂದುಕೊಂಡಳು. ತನ್ನ ಮಗನ ಫೋಟೊ ಹಾಕಿ ಇನ್ಯಾರದೋ ಮಗನ ಹೆಸರು ಬರೆದಿದ್ದಾರೆ! ಅಮ್ಮನಿಗೆ ಎಷ್ಟು ಸಿಟ್ಟು ಬಂತೆಂದರೆ, ನನ್ನ ಸಿಟ್ಟು ಎಲ್ಲಿಂದ ಬಂತು ಅಂತ ನಿನಗೆ ಗೊತ್ತೇ ಇದೆ, ಚಾಪೆಲ್ಲಿಗೆ ಹೋಗುವ ಟೋಪಿ ಇಟ್ಟುಕೊಂಡು, ಆ ಹಾಳೆ ಹಿಡಿದು, ಸೀದಾ ಪೇಪರ್ ಬೋವೆನ್‌ನ ಅಂಗಡಿಗೆ ಹೋದಳು. ಪೇಪರು ಮಾರುವವನು ತಾನೆ, ಇಂಗ್ಲಿಷಿನಲ್ಲಿ ಕಾಗದ ಬರೆಯಲು ಬಲ್ಲವನು ತಾನೆ. ಅವನು ಕ್ಲಬ್ಬಿನ ಕಾರ್ಯದರ್ಶಿಯೂ ಹೌದು ಅನ್ನುವುದು ಅಮ್ಮನಿಗೆ ಒಂದು ವಿಷಯವೇ ಅಲ್ಲ. ಅಮ್ಮನಿಗೆ ಹದಿಮೂರೂ ಒಂದೇ, ಹದಿನೈದೂ ಒಂದೇ, ಎಲ್ಲ ಕೆಸರು.

"ಬೋವೆನ್, ನೋಡಿಲ್ಲಿ, ಹೆಸರು ತಪ್ಪಾಗಿದೆ" ಅಂದಳಂತೆ. "ಆ ಪೇಪರಿನೋರಿಗೆ ಒಂದು ಕಾಗದ ಬರ್ದು ಸರಿಮಾಡ್ಸು. ಇಡ್ವಾಲ್ ಪ್ಯಾರಿ ಅಂತ ದೊಡ್ಡ ಅಕ್ಷರದಲ್ಲಿ ಹಾಕ್ಲಿ."

ಅಂಗಡಿಯಲ್ಲಿ ಆಗ ಸಿಗರೇಟಿಗೆ ಬಂದು ನಿಂತಿದ್ದವನು ಮೋಸ್ಟಿನ್. ಹಾಳೆ ನೋಡಿದ. ಬೋವೆನ್‌ನ ಮುಖ ನೋಡಿದ. "ಅದು ಇಡ್ವಾಲ್ ಅಲ್ಲ ಕಣಮ್ಮಾ, ಅವನ ಥರ ಇರೋ ಇನ್ಯಾರೋ" ಅಂದ. ಅಮ್ಮ ಅವನಿಗೆ ಅಲ್ಲೇ ಜಾಡಿಸಿದಳು. "ನಾನು ಹೆತ್ತ ಕಿವಿ ನನಗೆ ಗೊತ್ತಿಲ್ವೇನೋ? ನಾಳೆ ನನ್ನ ಮಗಳನ್ನ ಮದುವೆಯಾಗೋನಿಗೆ ಕಣ್ಣು ಸರಿಯಿರಬೇಕು, ಹೋಗಿ ತೋರಿಸ್ಕೋ." ಮೋಸ್ಟಿನ್ ಆ ಹಾಳೆಯನ್ನು ಕಿತ್ತುಕೊಳ್ಳಲು ನೋಡಿದ. ಅಮ್ಮ ಅವನ ಕೈಗೆ ಹೊಡೆದು ಬೋವೆನ್‌ಗೆ ಕೊಟ್ಟಳು. ಬೋವೆನ್ ಕೆಟ್ಟವನಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದನಂತೆ. ಆಮೇಲೆ ಹಾಳೆ ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡು, "ನೋಡ್ತೀನಿ, ಮಿಸೆಸ್ ಪ್ಯಾರಿ" ಅಂದ.

ಇದನ್ನೆಲ್ಲ ಅಮ್ಮ ಮನೆಗೆ ಬಂದು ಟೋಪಿ ತೆಗೆಯುತ್ತಾ ನನಗೆ ಹೇಳಿದಳು, ಗೆದ್ದು ಬಂದವಳ ಹಾಗೆ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಏನಾಯ್ತೇ ನಿನಗೆ, ಮುಖ ಹಿಟ್ಟಿನ ಥರ ಆಗಿದೆ?" ಅಂದಳು.

ಈಗ ನಿನಗೆ ಗೊತ್ತಾಯಿತಲ್ಲ. ಬಾಯಿಬಿಟ್ಟದ್ದು ಯಾರು ಅಂತ ಇಷ್ಟು ವರ್ಷ ಹಲ್ಲು ಕಡಿದೆಯಲ್ಲ. ನಿನ್ನ ಹೆಸರು ದೊಡ್ಡ ಅಕ್ಷರದಲ್ಲಿ ಬರಲಿ ಅಂತ ಆಸೆಪಟ್ಟ ಒಬ್ಬ ತಾಯಿ.

ಯಾಕೆ ಹೇಳಲಿಲ್ಲ ಅಂತ ನೀನು ಕೂಗುತ್ತೀಯ. ಕೂಗು. ಡೊರೀನ್‌ಗೆ ಗಾಬರಿಯಾಗದಿದ್ದರೆ ಸಾಕು. ಕಮಿಟಿ ನಿನ್ನನ್ನು ಹೊರಗೆ ಹಾಕಿದ ಮರುದಿನ ಮೋಸ್ಟಿನ್ ಹಿತ್ತಲ ಗೋಡೆಯ ಹತ್ತಿರ ಬಂದ. ನಾನು ಹೇಳಿಬಿಡುತ್ತೇನೆ ಅಂದೆ. "ಬೇಡ" ಅಂದ. "ನನ್ನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಅವನು ಬೇರೆ ಊರಲ್ಲಿ ಹೇಗೋ ಬದುಕ್ತಾನೆ. ಅಮ್ಮನ ಮೇಲೆ ಮಾಡ್ಕೊಂಡ್ರೆ ಎಲ್ಲಿ ಹೋಗಿ ಬದುಕ್ತಾನೆ? ಆಮೇಲೆ ಆಕೆಗೆ ಗೊತ್ತಾದ್ರೆ? ಆಕೆ ಒಲೆಗೆ ತಲೆ ಇಡ್ತಾಳೆ ಟೆಗ್ವೆನ್. ಸ್ವಲ್ಪ ದಿನ ನನ್ನನ್ನ ಬೈಕೊಳ್ಲಿ ಬಿಡು."

ಸ್ವಲ್ಪ ದಿನವಂತೆ! ಈಸ್ಟರಿಗೆ ನಮ್ಮ ಮದುವೆ ಗೊತ್ತಾಗಿತ್ತು, ನಿನಗೆ ನೆನಪಿದೆಯೋ ಇಲ್ಲವೋ. ನೀಲಿ ಬಟ್ಟೆ ತಂದಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು, ನನ್ನ ಹಲ್ಲು ಮುರಿದಿದೆ, ಮನೆಯ ನೆನಪಾಗುತ್ತದೆ, ಆ ಚಾಡಿ ನಮ್ಮ ಮನೆಯ ಅಳಿಯನಾದರೆ ನಾನು ಈ ಜನ್ಮದಲ್ಲಿ ಊರಿಗೆ ಬರುವುದಿಲ್ಲ ಅಂತ. ಅದನ್ನು ಅಮ್ಮನಿಗೆ ಓದಿ ಹೇಳಬೇಕಾದವಳು ನಾನೇ. ಅಮ್ಮ ಅವತ್ತೇ ಚಾಪೆಲ್ಲಿನ ಬಾಗಿಲಲ್ಲಿ, ಎಲ್ಲರ ಮುಂದೆ, "ನನ್ನ ಮಗನ್ನ ಊರು ಬಿಡ್ಸಿದೋನು ನನ್ನ ಹೊಸ್ತಿಲು ತುಳೀಬಾರ್ದು" ಅಂದಳು. ಅಂದದ್ದು ಯಾರು, ಅನ್ನಿಸಿಕೊಂಡದ್ದು ಯಾರು ಅಂತ ಯೋಚಿಸು. ಮೋಸ್ಟಿನ್ ಟೋಪಿ ತೆಗೆದು "ಆಗ್ಲಿ ಮಿಸೆಸ್ ಪ್ಯಾರಿ" ಅಂದು ಪಕ್ಕಕ್ಕೆ ಸರಿದ. ನಾನು ಪಕ್ಕದಲ್ಲೇ ನಿಂತು ನನ್ನ ಕೈಗವಸಿನ ಹೊಲಿಗೆ ಬಿಚ್ಚುತ್ತಿದ್ದೆ.

ನಾನು ಅಮ್ಮನ ಜೊತೆ ಉಳಿದೆ. ಗಣಿಯ ಕ್ಯಾಂಟೀನಿಗೆ ಹೋದೆ, ಸೋಮವಾರ ಸೋಮವಾರ ಕ್ಲಬ್ಬಿನ ಜೆರ್ಸಿ ಒಗೆದೆ. ಮೋಸ್ಟಿನ್‌ನ ಜೆರ್ಸಿಯೂ ಅದರಲ್ಲೇ ಇರುತ್ತಿತ್ತು. ಅದನ್ನೂ ಒಗೆದೆ. ಅಷ್ಟೇ ನಮ್ಮ ಸಂಸಾರ.

ನೀನು ಅಲ್ಲಿ ದೊಡ್ಡವನಾದೆ. ಇಲ್ಲ ಅಂದವರು ಯಾರು? ನಾಯಕನಾದೆ, ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದೆ, ದವಡೆ ಮುರಿದುಕೊಂಡೆ, ನಿನ್ನ ಮುಖ ಚಾಕೊಲೇಟಿನ ಜಾಹೀರಾತಿನಲ್ಲಿ ಬಂತು. ಅಮ್ಮ ಪ್ರತಿಯೊಂದು ಚಿತ್ರ ಕತ್ತರಿಸಿ ಇಟ್ಟಳು. ಕೆಳಗಿನ ಹೆಸರನ್ನು ಬೆರಳಿಟ್ಟು ಅಕ್ಷರ ಅಕ್ಷರ ಓದಿ ನೋಡಿ, "ಈಗ ಸರಿಯಾಗಿ ಹಾಕ್ತಿದಾರೆ. ಬೋವೆನ್ ಬರ್ದಿರ್ಬೇಕು" ಅನ್ನುತ್ತಿದ್ದಳು. ಸಾಯುವ ತನಕ ಹಾಗೇ ಅಂದಳು.

ಅರವತ್ತೈದರಲ್ಲಿ ನೀನು ಲಂಡನ್ನಿನಲ್ಲಿ ಕಪ್ ಎತ್ತಿದ ದಿನ, ಕ್ಲಬ್ಬಿನವರು ಟಿವಿ ಹಾಕಲಿಲ್ಲ. ಗಂಡಸರೆಲ್ಲ ಇಟಲಿಯವನ ಕಾಫಿ ಅಂಗಡಿಯಲ್ಲಿ ತುಂಬಿಕೊಂಡರು. ಅಮ್ಮನಿಗೆ ಮುಂದೆ ಕುರ್ಚಿ ಹಾಕಿದ್ದರು, ರಾಣಿಯ ಹಾಗೆ. ಮೋಸ್ಟಿನ್‌ನನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಹೊರಗೆ ರಸ್ತೆಯಲ್ಲಿ ನಿಂತು ನೋಡಿದ, ಗಾಜಿನ ಮೇಲೆ ಆವಿ ಕಟ್ಟಿದರೆ ತೋಳಿನಿಂದ ಒರೆಸಿಕೊಂಡು. ಕೊನೆಯ ಗೋಲಿಗೆ ನೀನು ಚೆಂಡು ಎದೆಗೆ ಒರೆಸಿದ ಕೂಡಲೇ ಅವನು ಟೋಪಿ ತೆಗೆದ. ಇನ್ನೂ ಒದ್ದಿರಲಿಲ್ಲ ನೀನು. ಅದು ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ನಾನು ಆಟ ನೋಡಲಿಲ್ಲ, ಕಿಟಕಿ ನೋಡಿದೆ.

ಅಮ್ಮನನ್ನು ಮಣ್ಣು ಮಾಡಿದ ದಿನ ಹೇಳಬೇಕು ಅಂತಿದ್ದೆ. ನೀನು ಸ್ಮಶಾನದ ಗೇಟಿನಲ್ಲಿ ಅವನ ಬೂಟಿನ ಹತ್ತಿರ ಉಗುಳಿದೆ. ಆ ಕ್ಷಣ ನನಗೆ ನಿನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ, ಅಮ್ಮನ ಹೆಸರನ್ನು ನಿನ್ನ ಬಾಯಿಗೆ ಕೊಡಲು ಮನಸ್ಸಾಗಲಿಲ್ಲ. ಮನೆಗೆ ಬರುವಾಗ ಮೋಸ್ಟಿನ್ ನನಗೆ ಹೇಳಿದ್ದು ಇಷ್ಟೇ: "ಅವನ ಮಂಡಿ ಹೋಗಿದೆ, ನೋಡಿದ್ಯಾ? ಎಡಗಾಲು ಎಳೀತಾನೆ."

ಕ್ಲಬ್ಬಿನಲ್ಲಿ ಐವತ್ತಾರರ ತಂಡದ ಫೋಟೊ ಇದೆ. ಜಿಲ್ಲೆಯ ಕಪ್ ಗೆದ್ದ ಫೋಟೊ ಅದೊಂದೇ, ಇಳಿಸಲು ಮನಸ್ಸು ಬರಲಿಲ್ಲ ಅವರಿಗೆ. ನಿನ್ನ ಮುಖ ಕತ್ತರಿಸಲೂ ಆಗಲಿಲ್ಲ, ಮೋಸ್ಟಿನ್‌ನ ತೋಳು ನಿನ್ನ ಹೆಗಲ ಮೇಲಿದೆಯಲ್ಲ, ಅವನದೂ ಹೋಗುತ್ತಿತ್ತು. ಅದಕ್ಕೆ ಕೆಳಗೆ ನಿನ್ನ ಹೆಸರಿನ ಮೇಲೆ ಒಂದು ಚೀಟಿ ಅಂಟಿಸಿದರು. ಏನು ಬರೆದಿದ್ದರು ಅಂತ ನೀನೇ ಊಹಿಸು. ಯಾರೋ ಕುಹಕದವನ ಕೆಲಸ. ನಲವತ್ತು ವರ್ಷ ಆ ಗೋಡೆಯ ಮೇಲೆ ನೀನು ಎ. ಎನ್. ಅದರ್ ಆಗಿಯೇ ನಿಂತಿದ್ದೆ.

ಹೋದ ವಾರ ಗೆರಾಂಟ್ ಆ ಫೋಟೊ ಇಲ್ಲಿಗೆ ತಂದುಕೊಟ್ಟ. ಮೋಸ್ಟಿನ್ ಅದನ್ನು ಈ ಮೇಜಿನ ಮೇಲೆ ಮಲಗಿಸಿ, ಒದ್ದೆ ಬಟ್ಟೆ ಇಟ್ಟು, ಬೆಣ್ಣೆ ಸವರುವ ಚಾಕುವಿನಿಂದ ಆ ಚೀಟಿ ಎಬ್ಬಿಸಲು ಕೂತ. ನಾನು ಮಾಡುತ್ತೇನೆ ಅಂದರೆ ಕೊಡಲಿಲ್ಲ. ಸ್ವಲ್ಪ ಎಬ್ಬಿಸುವುದು, ಮೂಗಿಗೆ ನಳಿಗೆ ಹಿಡಿದುಕೊಳ್ಳುವುದು, ಮತ್ತೆ ಸ್ವಲ್ಪ. ಬೆಳಗ್ಗೆ ಕೂತವನು ಊಟದ ಹೊತ್ತಿಗೆ ಮುಗಿಸಿದ. ಕೆಳಗೆ ನಿನ್ನ ಹೆಸರು ಹಾಗೇ ಇತ್ತು, ಬಿಸಿಲು ಬೀಳದೆ ಉಳಿದವರ ಹೆಸರಿಗಿಂತ ಕಪ್ಪಾಗಿ. "ನಿಮ್ಮಮ್ಮ ಕೇಳಿದ್ದು ಇಷ್ಟೇ ತಾನೆ" ಅಂದ. ಆಮೇಲೆ ಕೆಮ್ಮು ಬಂದು ಮಾತು ನಿಂತಿತು.

ಮಾರ್ಚ್ ಒಂದಕ್ಕೆ, ಹಬ್ಬದ ದಿನ, ಅದನ್ನು ಮತ್ತೆ ಗೋಡೆಗೆ ತೂಗುಹಾಕುತ್ತಾರೆ. ಅದಕ್ಕೇ ನಿನ್ನನ್ನು ಕರೆದಿರುವುದು.

ನಾನು ಕ್ಷಮೆ ಕೇಳಲು ಬರೆದಿಲ್ಲ. ನೀನು ಕೇಳು ಅಂತಲೂ ಹೇಳುವುದಿಲ್ಲ. ಅದು ನಿನ್ನ ನಾಲಿಗೆ, ನಿನ್ನ ಲೆಕ್ಕ. ಮಾಡಬೇಕಾದ್ದು ಒಂದೇ. ಆ ದಿನ ಕ್ಲಬ್ಬಿನ ಏರು ಅವನ ಕೈಲಿ ಹತ್ತಲು ಆಗುವುದಿಲ್ಲ. ಗಾಲಿಕುರ್ಚಿ ತರಿಸಿದ್ದೇನೆ. ಗೆರಾಂಟ್ ತಳ್ಳುತ್ತೇನೆ ಅಂದಿದ್ದಾನೆ. ಅವನು ಬೇಡ. ನಿನಗೆ ಮಂಡಿಯಿಲ್ಲ, ಅವನಿಗೆ ಉಸಿರಿಲ್ಲ, ಇಬ್ಬರೂ ಸೇರಿ ಹೇಗೋ ಹತ್ತಿ. ಅರ್ಧ ಊರು ನೋಡಲಿ. ಬಸ್ ನಿಲ್ದಾಣದ ಮುಂದೆಯೇ ಹಾದುಹೋಗಬೇಕು, ಬೇರೆ ದಾರಿಯಿಲ್ಲ. ಅಲ್ಲಿ ಅವನನ್ನು ಅವನ ಹೆಸರು ಹಿಡಿದು ಮಾತಾಡಿಸು, ಬರೀ ಹೆಸರು, ಜೋರಾಗಿ. ಊರಿನವರು ಉಳಿದದ್ದನ್ನು ತಾವೇ ತಿದ್ದಿಕೊಳ್ಳುತ್ತಾರೆ. ಅಮ್ಮನ ವಿಷಯ ಅವರಿಗೆ ಬೇಕಾಗಿಲ್ಲ, ಅದು ನಮ್ಮ ಮೂವರದು.

ಬರದಿದ್ದರೆ ಫೋಟೊವನ್ನು ನಾನೇ ಇಳಿಸಿ ಮನೆಗೆ ತರುತ್ತೇನೆ. ಅವನಿಲ್ಲದ ಊಟಕ್ಕೆ ನಾನೂ ಇಲ್ಲ, ನಾನಿಲ್ಲದೆ ಅಷ್ಟು ಜನಕ್ಕೆ ಲೀಕ್ ಈರುಳ್ಳಿ ಸಾರು ಯಾರು ಕುದಿಸುತ್ತಾರೋ ಕುದಿಸಲಿ.

ಕೆಮ್ಮು ಶುರುವಾಯಿತು. ಎದ್ದಿದ್ದಾನೆ. "ಯಾರಿಗೆ ಬರೀತಿದ್ದೀಯ?" ಅಂತ ಕೂಗುತ್ತಿದ್ದಾನೆ. ಗ್ಯಾಸಿನವರಿಗೆ ಅಂದೆ.

ಡೊರೀನ್‌ಗೆ ನೆನಪು ಹೇಳು. ಮಂಡಿಗೆ ಬೆಚ್ಚಗೆ ಸುತ್ತಿಕೋ.

ನಿನ್ನ ಅಕ್ಕ,
ಟೆಗ್ವೆನ್

ಮರೆತಿದ್ದು: ಜನವರಿಯಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದಾಗ, ಮನೆಯವರಿಗೆ ಮಾತ್ರ ಒಳಗೆ ಬಿಡುವುದು ಅಂದಳು ಒಬ್ಬಳು ನರ್ಸು, ನನಗೆ ಮೊಮ್ಮಗಳಾಗಬಹುದಾದ ವಯಸ್ಸಿನವಳು. ಸರಿ ಅಂದೆ. ಅವನನ್ನು ಮನೆಗೆ ಬಿಟ್ಟ ಮೇಲೆ ಇಬ್ಬರೂ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬಂದೆವು, ಹೋದ ಮಂಗಳವಾರ. ನೀಲಿ ಬಟ್ಟೆಗೆ ಹುಳ ಹಿಡಿದಿತ್ತು, ಬೂದು ಕೋಟಿನಲ್ಲೇ ಹೋದೆ. ಉತ್ತರ ಬರೆಯುವುದಾದರೆ ಲಕೋಟೆಯ ಮೇಲೆ ಮಿಸೆಸ್ ಮೋಸ್ಟಿನ್ ಪ್ರಾಸರ್ ಅಂತ ಬರೆ, ದೊಡ್ಡ ಅಕ್ಷರದಲ್ಲಿ. ತಪ್ಪು ಹೆಸರಿನಿಂದ ನಮ್ಮ ಮನೆಗೆ ಆಗಿರುವುದು ಸಾಕು.